ಅಕ್ಕನ ಬೆನ್ನಿನ ನೀರು

ಮನುಷ್ಯರ ಬೆನ್ನಿನಲ್ಲಿ ನೀರಿರುತ್ತದೆ ಎಂದರೆ ನಮ್ಮ ಓಣಿಯ ಹೆಂಗಸರು ನನ್ನನ್ನೇ ಒಂದು ನಮೂನೆ ನೋಡುತ್ತಿದ್ದರು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ, ಕುಡಿಯುವ ನೀರಿನಷ್ಟೇ ತಿಳಿಯಾದ ದ್ರವ ಅದು. ಸೊಂಟದ ಎಲುಬುಗಳ ಸಂದಿಯಲ್ಲಿ ಸೂಜಿ ಹಾಕಿ ಡಾಕ್ಟರು ಅದನ್ನು ತೆಗೆಯುತ್ತಾರೆ. ಹನಿಹನಿಯಾಗಿ ಬೀಳುವುದನ್ನು ಯಾರಾದರೊಬ್ಬರು ಟ್ಯೂಬಿನಲ್ಲಿ ಹಿಡಿಯಬೇಕು. ಹೈದರಾಬಾದಿನಲ್ಲಿ, ಹಿಮಾಯತ್‌ನಗರದ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ಇಪ್ಪತ್ತಾರು ವರ್ಷ ಹಾಗೆ ಹಿಡಿದವಳು ನಾನು. ಈಗ ನಿವೃತ್ತಿಯಾಗಿದೆ. ಮೊಣಕಾಲು ನೋಯುತ್ತವೆ, ಲ್ಯಾಬಿನ ಸುದ್ದಿ ತೆಗೆದರೆ ಬೇಸರ ಬರುತ್ತದೆ. ಆದರೂ ಒಂದು ಟ್ಯೂಬಿನ ವಿಷಯ ಬರೆದಿಡಬೇಕು ಅನ್ನಿಸಿದೆ. ಅದು ನನ್ನ ಅಕ್ಕನದು.

ಅಕ್ಕ ಮತ್ತು ನಾನು ಇಬ್ಬರೇ ಕುಷಾಯಿಗೂಡದ ಮನೆಯಲ್ಲಿದ್ದೆವು. ಅಪ್ಪ ಕಲಬುರಗಿ ಕಡೆಯವರು, ಸರ್ಕಾರದ ಭೂಮಾಪನ ಇಲಾಖೆಯಲ್ಲಿದ್ದು ಇಲ್ಲಿಗೆ ಬಂದವರು ಇಲ್ಲೇ ಉಳಿದರು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಎಂದು ಜನ ಕೇಳುವುದನ್ನು ಬಿಟ್ಟಿದ್ದರು, ನಾವೂ ಉತ್ತರ ಹುಡುಕುವುದನ್ನು ಬಿಟ್ಟಿದ್ದೆವು. ಬೆಳಿಗ್ಗೆ ಏಳಕ್ಕೆ ಇಬ್ಬರೂ ಒಟ್ಟಿಗೆ ಬೀಗ ಹಾಕಿ ಹೊರಡುತ್ತಿದ್ದೆವು. ನಾನು ಆಸ್ಪತ್ರೆಗೆ, ಅವಳು ಎರಡು ಬಸ್ಸು ಬದಲಿಸಿ ಊರಿನ ಇನ್ನೊಂದು ತುದಿಯ ಸನತ್‌ನಗರಕ್ಕೆ.

ಸನತ್‌ನಗರದ ಸಣ್ಣ ಕಾರ್ಖಾನೆಗಳ ನಡುವೆ ಅವಳ ಶಾಲೆಯಿತ್ತು. ಹಿಂದೆ ಯಾರೋ ಕನ್ನಡದ ಹಿರಿಯರು ಸೇರಿ ಕಟ್ಟಿದ್ದು. ನಾವು ಚಿಕ್ಕವರಿದ್ದಾಗ ಅಲ್ಲಿ ಗುಮಾಸ್ತರ, ಎಂಜಿನಿಯರರ ಮಕ್ಕಳು ಓದುತ್ತಿದ್ದರಂತೆ. ಅವರೆಲ್ಲ ಇಂಗ್ಲಿಷ್ ಶಾಲೆಗೆ ಹೋದ ಮೇಲೆ ಉಳಿದದ್ದು ಒಂದೇ ಕೋಣೆ, ಅದರಲ್ಲಿ ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಹತ್ತೊಂಬತ್ತು ಮಕ್ಕಳು, ಎಲ್ಲರಿಗೂ ಸೇರಿ ಅಕ್ಕ ಒಬ್ಬಳೇ ಟೀಚರು. ಮಕ್ಕಳೆಲ್ಲ ಸುರಪುರ, ದೇವದುರ್ಗ, ಸೇಡಂ, ಆಳಂದದ ಕಡೆಯವರು. ಆಗ ಊರಿನ ಪಶ್ಚಿಮದಲ್ಲಿ ಬಂಡೆಗಳನ್ನು ಒಡೆದು ಕಂಪ್ಯೂಟರ್ ಕಂಪನಿಗಳಿಗೆ ಕಟ್ಟಡ ಕಟ್ಟುತ್ತಿದ್ದರು. ಆ ಮಕ್ಕಳ ಅಪ್ಪ ಅವ್ವಂದಿರು ಬೆಳಗಾದರೆ ಲಾರಿ ಹತ್ತಿ ಅಲ್ಲಿಗೆ ಹೋಗುವರು. ಸಂಜೆ ಅವರು ಬರುವತನಕ ಮಕ್ಕಳಿಗೆ ಅಕ್ಕನ ಕೋಣೆಯೇ ಮನೆ. ಇಡೀ ಊರು ಹೊಸ ಕೆಲಸ, ಹೊಸ ಕಾರು ಎಂದು ಕುಣಿಯುತ್ತಿದ್ದಾಗ ನಾವಿಬ್ಬರು ಅಗೆದ ರಸ್ತೆಗಳ ಧೂಳು ಕುಡಿಯುತ್ತ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆವು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕನಿಗೆ ಬರುತ್ತಿರಲಿಲ್ಲ, ಅವಳಿಗೆ ಆ ಕೋಣೆಯೊಂದಿದ್ದರೆ ಸಾಕಾಗಿತ್ತು.

ನಮ್ಮ ಅವ್ವ ಮರೆವಿನಲ್ಲಿ ಸತ್ತಳು. ಅರಳುಮರಳು ಎಂದು ಎಲ್ಲರೂ ಹೇಳಿದರು. ಕೊನೆಯ ಎರಡು ವರ್ಷ ಅವಳು ನಮ್ಮನ್ನು ಯಾರೆಂದು ಕೇಳುತ್ತಿದ್ದಳು. ಹಾಲು ಬೇಕು ಎಂಬ ಒಂದು ಮಾತು ಮಾತ್ರ ಬಾಯಲ್ಲಿ ಉಳಿದಿತ್ತು, ಕುಡಿದ ಮರುಗಳಿಗೆಯೇ ಮತ್ತೆ ಕೇಳುವಳು. ಅಕ್ಕ ಒಂದೊಂದು ಸಲ ರೇಗಿ ಕೊಡುತ್ತಿರಲಿಲ್ಲ. ಅವ್ವ ಹೋದ ಮೇಲೆ ಅಸ್ಥಿ ಬಿಡಲು ಕಾಶಿಗೆ ಹೋದೆವು. ಅಲ್ಲಿ ಇಷ್ಟವಾದದ್ದೊಂದನ್ನು ಬಿಟ್ಟು ಬರುವ ಪದ್ಧತಿ. ಜನ ಜಾಣರು, ಹೀರೆಕಾಯಿ ಬಿಡುತ್ತಾರೆ, ಸೀತಾಫಲ ಬಿಡುತ್ತಾರೆ. ನಾನು ಬದನೆಕಾಯಿ ಬಿಟ್ಟೆ. ಅಕ್ಕ ಹಾಲು ಬಿಟ್ಟಳು. ಹಾಲೆಂದರೆ ಮೊಸರು, ಮಜ್ಜಿಗೆ, ಬೆಣ್ಣೆ, ಎಲ್ಲ. ನಮ್ಮ ಮನೆಯಲ್ಲಿ ಮಾಂಸ ಮೊಟ್ಟೆ ಮೊದಲೇ ಇಲ್ಲ. ಹತ್ತು ವರ್ಷ ಅವಳು ಕರಿ ಚಹಾ ಕುಡಿದುಕೊಂಡು, ಅನ್ನಕ್ಕೆ ಬರೀ ಸಾರು ಹಾಕಿಕೊಂಡು ಎದ್ದಳು.

ಆಮೇಲೆ ಅಕ್ಕನಿಗೂ ಮರೆವು ಶುರುವಾಯಿತು. ಮೊದಮೊದಲು ನಾನು ನಗುತ್ತಿದ್ದೆ. ನನಗೆಂದು ಒಲೆಯ ಮೇಲೆ ಹಾಲಿಟ್ಟು ಮರೆಯುವಳು. ಹೇಳುತ್ತ ಹೇಳುತ್ತ ಮಾತು ಸಿಗದೆ ನಿಂತುಬಿಡುವಳು. ಕಾಲು ಜುಮ್ಮೆನ್ನುತ್ತವೆ, ನಾಲಿಗೆ ಉರಿಯುತ್ತದೆ ಎನ್ನುವಳು. ಬಸ್ಸಿನಲ್ಲಿ ಅಷ್ಟು ಹೊತ್ತು ನಿಂತರೆ ಯಾರ ಕಾಲು ಜುಮ್ಮೆನ್ನುವುದಿಲ್ಲ ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಒಂದು ಸಂಜೆ ಮಾತ್ರ ಅವಳು ಎಂಟು ಗಂಟೆಯಾದರೂ ಬರಲಿಲ್ಲ. ಬಂದವಳು ಚಪ್ಪಲಿ ಬಿಡದೆ ಹೊಸ್ತಿಲ ಒಳಗೆ ನಿಂತಳು.

"ಮಗು ಸಾಲಿ ಒಳಗ ಮಲಗಿತ್ತು, ನಾ ಬೀಗ ಹಾಕಿ ಬಂದುಬಿಟ್ಟಿದ್ದೆ," ಅಂದಳು.

ಹಿಂದಿನ ಬೆಂಚಿನ ಕೆಳಗೆ ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ನಿದ್ದೆ ಹೋಗಿದ್ದಳು. ಅಕ್ಕ ದಿನಾ ಬೀಗ ಹಾಕುವ ಮೊದಲು ತಲೆ ಎಣಿಸುವವಳು. ಅವತ್ತು ಎಣಿಸಿರಲಿಲ್ಲ. ಬಸ್ಸು ಸಿಕಂದರಾಬಾದು ಮುಟ್ಟಿದಾಗ ಎಣಿಸಲಿಲ್ಲವೆಂಬುದು ನೆನಪಾಗಿ ಇಳಿದು ವಾಪಸು ಓಡಿದ್ದಳು. ಹುಡುಗಿಗೆ ಕಿಟಕಿಯ ಸರಳು ಹಿಡಿದು ಅತ್ತು ಅತ್ತು ದನಿ ಹೋಗಿತ್ತು.

"ಅವ್ವಂದೂ ಹಿಂಗ ಸುರು ಆಗಿತ್ತು. ನಿಮ್ಮ ಡಾಕ್ಟರು ಏನೋ ಹೊಸಾ ಪರೀಕ್ಷಾ ಮಾಡ್ತಾರಂತಲ್ಲ, ನನಗೂ ಮಾಡ್ಸು. ಇದ್ರ ಐತಿ ಅನ್ನಲಿ. ನಾಳೆ ಇನ್ನೊಂದು ಮಗೂಗ ಏನಾರ ಆದ್ರ ಹ್ಯಾಂಗ?"

ನಮ್ಮ ಡಾಕ್ಟರು ವಿದೇಶದಲ್ಲಿ ಕಲಿತು ಬಂದಿದ್ದ ತೆಲುಗರು. ಒಳ್ಳೆಯ ಮನುಷ್ಯ, ಆದರೆ ಊಟ ಮಾಡುವಾಗಲೂ ಪ್ರೋಟೀನಿನ ಮಾತು. ಮರೆವಿನ ರೋಗ ಮೇಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಬೆನ್ನಿನ ನೀರಿನಲ್ಲಿ ಗೊತ್ತಾಗುತ್ತದೆ ಎಂಬುದು ಅವರ ಕೆಲಸದ ತಿರುಳು. ಎರಡು ಪ್ರೋಟೀನುಗಳನ್ನು ಅಳೆಯುತ್ತಿದ್ದೆವು. ಒಂದು, ರೋಗವಿದ್ದವರ ಮಿದುಳಿನಲ್ಲಿ ಗಸಿಯ ಹಾಗೆ ಕೂತುಬಿಡುವುದರಿಂದ ನೀರಿನಲ್ಲಿ ಕಡಿಮೆಯಾಗುತ್ತದೆ. ಇನ್ನೊಂದು, ಸಾಯುವ ನರಕೋಶಗಳಿಂದ ಸೋರಿ ನೀರಿನಲ್ಲಿ ಹೆಚ್ಚಾಗುತ್ತದೆ. ಮೊದಲಿನದು ಇಳಿದು ಎರಡನೆಯದು ಏರಿದರೆ ಅನುಮಾನ ಗಟ್ಟಿ. ಆಗ ನಮ್ಮ ಊರಿನಲ್ಲಿ ಇದನ್ನು ಮಾಡುವವರು ಹೆಚ್ಚಿರಲಿಲ್ಲ, ನನಗೆ ಅದರ ಹೆಮ್ಮೆಯಿತ್ತು. ಅಕ್ಕನ ವಿಷಯ ಹೇಳಿದಾಗ ಡಾಕ್ಟರು, ನಮ್ಮ ಅಧ್ಯಯನದ ಪಟ್ಟಿಗೆ ಸೇರಿಸಲು ಬರುವುದಿಲ್ಲ, ಮನೆಯವರ ಹಾಗೆ ಮಾಡಿಕೊಡೋಣ, ಮುಂದಿನ ವಾರ ಕರೆತನ್ನಿ ಅಂದರು.

ಈಗ ನನ್ನ ಪೆದ್ದುತನಕ್ಕೆ ಬರುತ್ತೇನೆ. ಅದನ್ನು ಪೆದ್ದುತನ ಎಂದು ಕರೆಯಲು ನನಗೆ ಬಹಳ ವರ್ಷ ಬೇಕಾಯಿತು, ಯಾಕೆಂದರೆ ಮಾಡುವಾಗ ಅದು ಪ್ರಾಮಾಣಿಕತೆ ಅನ್ನಿಸಿತ್ತು.

ಅಪ್ಪನಿಗೆ ಸರ್ಕಾರದ ವಸ್ತು ಎಂದರೆ ಬೆಂಕಿ. ಕಚೇರಿಯಲ್ಲಿ ರದ್ದಿಗೆ ಹಾಕಿದ ಹಾಳೆಯ ಹಿಂಬದಿಯಲ್ಲಿ ಗಣಿತ ಮಾಡಿಕೊಳ್ಳಲು ಸಹ ನಮಗೆ ಬಿಡುತ್ತಿರಲಿಲ್ಲ. ಎಂಟನೆಯ ಇಯತ್ತೆಯವರೆಗೂ ನಾವು ಪಾಟಿಯ ಮೇಲೆ ಗಣಿತ ಮಾಡಿ ನಗೆಪಾಟಲಾದೆವು. ಅದು ನನ್ನ ಮೈಯಲ್ಲಿ ಕೂತಿತ್ತು. ಲ್ಯಾಬಿನ ಉಕ್ಕಿನ ಕಪಾಟಿನಲ್ಲಿ ಡಾಕ್ಟರು ಹೊರದೇಶದಿಂದ ತರಿಸಿದ ಪ್ಲಾಸ್ಟಿಕ್ ಟ್ಯೂಬುಗಳ ಪೆಟ್ಟಿಗೆಗಳಿದ್ದವು. ಬೆನ್ನಿನ ನೀರನ್ನು ಇವುಗಳಲ್ಲೇ ಹಿಡಿಯಿರಿ ಎಂದು ಅವರು ಮೊದಲ ದಿನವೇ ಹೇಳಿದ್ದರು. ಪರೀಕ್ಷೆಯ ಕಿಟ್ಟಿನ ಜೊತೆ ಬಂದ ಚೀಟಿಯಲ್ಲೂ ಗಾಜು ಬೇಡ ಎಂದು ಒಂದು ಸಾಲಿತ್ತು. ಯಾಕೆ ಬೇಡ ಎಂದು ಬರೆದಿರಲಿಲ್ಲ. ಫ್ರೀಜರಿನಲ್ಲಿ ಗಾಜು ಒಡೆಯುತ್ತದಲ್ಲ, ಅದಕ್ಕಿರಬೇಕು ಎಂದುಕೊಂಡೆ. ಕಪಾಟಿನ ಕೀಲಿ ನನ್ನ ಹತ್ತಿರ. ಪಟ್ಟಿಯಲ್ಲಿ ನಂಬರಿದ್ದ ರೋಗಿಗೆ ಎರಡು ಟ್ಯೂಬು ತೆಗೆದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಅಕ್ಕನಿಗೆ ನಂಬರಿಲ್ಲ. ನನ್ನ ಮನೆಯವಳಿಗೆಂದು ಆ ಪೆಟ್ಟಿಗೆಗೆ ಕೈ ಹಾಕಲು ನನಗೆ ಮನಸ್ಸು ಬರಲಿಲ್ಲ.

ನನ್ನ ಗಾಜಿನ ಟ್ಯೂಬುಗಳ ಬಗ್ಗೆ ನನಗೆ ಸೊಕ್ಕೂ ಇತ್ತು. ಮೂರು ಸಲ ತೊಳೆದು, ಕೊನೆಗೆ ಭಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಓವನ್ನಿನಲ್ಲಿ ಒಣಗಿಸಿ ಇಡುತ್ತಿದ್ದೆ. ಅವುಗಳಲ್ಲಿ ಒಂದು ಒಳ್ಳೆಯದನ್ನು ಅಕ್ಕನಿಗೆಂದು ಆರಿಸಿ, ಅವತ್ತು ನಾಲ್ಕನೆಯ ಸಲವೂ ತೊಳೆದೆ.

ಅಕ್ಕ ಗೋಡೆಯ ಕಡೆ ಮುಖ ಮಾಡಿ, ಮೊಣಕಾಲು ಎದೆಗೆ ತಂದುಕೊಂಡು ಮಲಗಿದಳು. ಅವಳ ಬೆನ್ನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಹಳ ಸಣಕಲಾಗಿತ್ತು. ಡ್ಯೂಟಿ ಡಾಕ್ಟರು ಸೂಜಿ ಹಾಕಿದರು, ನಾನು ಕೆಳಗೆ ಟ್ಯೂಬು ಹಿಡಿದೆ.

"ನೀ ಹಿಡಿದೀಯೇನು?" ಎಂದು ಅಕ್ಕ ಗೋಡೆಗೆ ಕೇಳಿದಳು.

"ನಾನ ಹಿಡಿದೀನಿ, ಅಳ್ಳಾಡಬ್ಯಾಡ."

"ಹಂಗಾರ ಫಿಕರ್ ಇಲ್ಲ," ಅಂದಳು.

ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅದನ್ನು ಕೇಳಿ ಅವತ್ತು ನನಗೆ ಹಿಗ್ಗಾಗಿತ್ತು.

ಪರೀಕ್ಷೆ ಮಾಡುವ ಪ್ಲೇಟು ಅಂಗೈ ಅಗಲದ್ದು, ಪಡ್ಡಿನ ಹಂಚಿನ ಹಾಗೆ ಗುಳಿಗಳು. ಒಂದೊಂದು ಗುಳಿಗೆ ಒಬ್ಬೊಬ್ಬರ ನೀರು ಹಾಕಿ, ಔಷಧ ಸೇರಿಸಿ ಕಾದರೆ ಹಳದಿ ಬಣ್ಣ ಬರುತ್ತದೆ. ಪ್ರೋಟೀನು ಹೆಚ್ಚಿದ್ದರೆ ಗಾಢ, ಕಡಿಮೆಯಿದ್ದರೆ ತೆಳು. ಯಂತ್ರಕ್ಕೆ ಕೊಡುವ ಮೊದಲೇ ನನ್ನ ಕಣ್ಣಿಗೆ ಗೊತ್ತಾಯಿತು. ಅಕ್ಕನ ಗುಳಿ ತೆಳ್ಳಗಿತ್ತು. ಎರಡನೆಯ ಪ್ರೋಟೀನು ಮಾತ್ರ ಏರಿರಲಿಲ್ಲ, ಎಲ್ಲರಂತೆ ಇತ್ತು. ಎರಡೂ ಒಂದಕ್ಕೊಂದು ಹೊಂದಲಿಲ್ಲವಲ್ಲ ಎಂದು ಕೇಳಿದೆ. ಡಾಕ್ಟರು ಕಾಗದವನ್ನು ತುಸು ಹೊತ್ತು ನೋಡಿ, ತೀರಾ ಶುರುವಿನಲ್ಲಿ ಹೀಗೂ ಇರಬಹುದು, ತಾಯಿಗೂ ಇತ್ತಲ್ಲ, ಒಂದು ಸ್ಕ್ಯಾನ್ ಮಾಡೋಣ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಶುರುವಿನಲ್ಲಿ ಕಾಣುವುದಿಲ್ಲ ಎಂದು ನಾವೇ ಹೇಳಿಕೊಂಡೆವು.

ಅಕ್ಕನಿಗೆ ಡಾಕ್ಟರೇ ಹೇಳಿದರು. ಖಚಿತವಲ್ಲ, ಅನುಮಾನ ಇದೆ ಎಂದು ಎರಡೆರಡು ಸಲ ಬಿಡಿಸಿ ಹೇಳಿದರು. ಅಕ್ಕ ಅದರಲ್ಲಿ ಇದೆ ಎಂಬುದನ್ನು ಮಾತ್ರ ತೆಗೆದುಕೊಂಡಳು. ಮನೆಗೆ ಬಂದು ಸೀರೆ ಬದಲಿಸಿ, ಅಕ್ಕಿ ತೊಳೆಯುತ್ತ ನನಗೆ ಹೇಳಿದಳು:

"ಸಂಕ್ರಾಂತಿ ತನಕ ಮಾಡ್ತೀನಿ. ಅಷ್ಟರಾಗ ಬ್ಯಾರೆ ಟೀಚರನ್ನ ಹುಡುಕ್ರಿ ಅಂತ ಬರೆದು ಕೊಡ್ತೀನಿ. ಅವ್ವ ಕಡೀಕ ಓಣಿ ಕೂಸಿಗೆ ಸೌಟಲೆ ಹೊಡೆದಿದ್ದು ನೆನಪೈತಲ್ಲ ನಿನಗ? ಅವು ಯಾರ ಮಕ್ಕಳೋ ಏನೋ, ನನ್ನ ನಂಬಿ ಬಿಟ್ಟು ಹೋಗ್ತಾರ."

ಆರು ತಿಂಗಳು ಕಾಯೋಣ, ಇನ್ನೊಂದು ಸಲ ನೋಡೋಣ ಅಂದೆ. "ಬೀಗ ಹಾಕಿದಾಕಿ ನೀ ಅಲ್ಲ, ನಾನು," ಅಂದಳು.

ಸಂಕ್ರಾಂತಿಗೆ ಬಿಟ್ಟಳು. ಅವಳ ಜಾಗಕ್ಕೆ ನಿವೃತ್ತರಾದ ಒಬ್ಬ ಹೆಂಗಸು ಬಂದರು, ವಯಸ್ಸಾದವರು, ಎರಡು ಬಸ್ಸು ಬದಲಿಸಿ ಬರುವುದು ಅವರಿಗೆ ಎಷ್ಟು ದಿನ ಆದೀತು ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕ ಮನೆಯಲ್ಲಿ ಕೂತಳು. ಕೂತವಳು ರೋಗಿಯಾದಳು. ಗೂಟಕ್ಕೆ ತೂಗು ಹಾಕಿದ ಚೀಲಗಳಿಗೆ ಚೀಟಿ ಅಂಟಿಸಿದಳು, ಡಬ್ಬಿಗಳಿಗೆ ಅಂಟಿಸಿದಳು, ಒಬ್ಬಳೇ ಹೊರಗೆ ಹೋಗುವುದನ್ನು ಬಿಟ್ಟಳು. ನಡೆಯುವಾಗ ಓಲಾಡತೊಡಗಿದಳು. ಕತ್ತಲಲ್ಲಿ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವಳು. ನಾನು ಲ್ಯಾಬಿನವಳು, ಎಲ್ಲ ತಿಳಿದವಳು, ರೋಗ ಜೋರಾಗಿ ಮುಂದುವರಿಯುತ್ತಿದೆ ಎಂದುಕೊಂಡೆ. ಬೆಳಿಗ್ಗೆ ಅವಳಿಗೆ ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗಬೇಕೋ ಬೇಡವೋ ಎಂದು ದಿನಾ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದೆ. ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ಹಾಕಬೇಕಿತ್ತೇನೋ ಎಂದು ಹೆದರುತ್ತಿದ್ದೆ. ಹಾಗೆ ಎಷ್ಟು ದಿನ ನಡೆಯಿತೋ, ಆಗ ನನಗಿದ್ದ ದಣಿವು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಾರ್ಚ್ ಕೊನೆಗೆ, ಯುಗಾದಿಯ ವಾರದಲ್ಲಿ, ಲ್ಯಾಬಿನಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಪಟ್ಟಿಯಲ್ಲಿದ್ದ ಒಬ್ಬ ಮುದುಕರಿಗೆ ಸೂಜಿ ಹಾಕಿದಾಗ ಎರಡು ಪ್ಲಾಸ್ಟಿಕ್ ಟ್ಯೂಬು ತುಂಬಿದ ಮೇಲೂ ಹನಿ ಬೀಳುತ್ತಿತ್ತು. ಚೆಲ್ಲಲು ಮನಸ್ಸಾಗದೆ ಪಕ್ಕದಲ್ಲಿದ್ದ ಗಾಜಿನ ಟ್ಯೂಬಿನಲ್ಲಿ ಹಿಡಿದಿಟ್ಟೆ. ಪ್ಲೇಟು ಹಚ್ಚುವಾಗ ಎರಡು ಗುಳಿ ಖಾಲಿ ಉಳಿಯುತ್ತಿದ್ದವು. ಖಾಲಿ ಯಾಕೆ ಬಿಡಬೇಕು ಎಂದು ಆ ಗಾಜಿನ ನೀರನ್ನೂ ಹಾಕಿದೆ. ಬಣ್ಣ ಬಂತು. ಒಬ್ಬರೇ ಮನುಷ್ಯ, ಒಂದೇ ಸೂಜಿ, ಒಂದೇ ಹೊತ್ತು. ಪ್ಲಾಸ್ಟಿಕ್ಕಿನದು ಗಾಢ ಹಳದಿ, ಗಾಜಿನದು ತೆಳ್ಳಗೆ, ನಾನು ಹಿಂದೊಮ್ಮೆ ನೋಡಿದ್ದಷ್ಟೇ ತೆಳ್ಳಗೆ.

ಕೈತಪ್ಪಿರಬೇಕೆಂದು ಮರುದಿನ ಮತ್ತೆ ಮಾಡಿದೆ. ಹಾಗೇ ಬಂತು. ಪಾತ್ರೆಯ ತಳಕ್ಕೆ ಅನ್ನ ಹತ್ತುವ ಹಾಗೆ ಆ ಪ್ರೋಟೀನು ಗಾಜಿನ ಗೋಡೆಗೆ ಹತ್ತಿಕೊಳ್ಳುತ್ತದೆ. ನೀರನ್ನು ಹೊರಗೆ ತೆಗೆದಾಗ ಅದು ಟ್ಯೂಬಿನಲ್ಲೇ ಉಳಿದುಬಿಡುತ್ತದೆ, ಅಳೆಯುವವರಿಗೆ ಕಡಿಮೆ ಎಂದು ಕಾಣುತ್ತದೆ. ಅಕ್ಕನ ಮಿದುಳಿನಲ್ಲಿ ಕೂತಿದೆ ಎಂದು ನಾವು ತಿಳಿದದ್ದು ನನ್ನ ಟ್ಯೂಬಿನ ಒಳಮೈಯಲ್ಲಿ ಕೂತಿತ್ತು. ನಾಲ್ಕು ಸಲ ತೊಳೆದಿದ್ದೆನಲ್ಲ, ಆ ಟ್ಯೂಬಿನಲ್ಲಿ.

ಅಂದೇ ಹೇಳಬೇಕಿತ್ತು. ಡಾಕ್ಟರಿಗೆ ಹೇಳಬೇಕಿತ್ತು, ಸಂಜೆ ಮನೆಗೆ ಹೋಗಿ ಅಕ್ಕನಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಸುಮ್ಮನಿದ್ದೆ. ಕಾರಣಗಳನ್ನು ಆಗ ಜೋಡಿಸಿ ಇಟ್ಟುಕೊಂಡಿದ್ದೆ: ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳೋಣ, ಸುಳ್ಳು ಆಸೆ ಹುಟ್ಟಿಸುವುದು ಬೇಡ, ಅವಳು ಓಲಾಡುವುದು ಕಣ್ಣಿಗೆ ಕಾಣುತ್ತಿದೆಯಲ್ಲ, ರೋಗ ನಿಜವಾಗಿಯೂ ಇದ್ದರೂ ಇರಬಹುದು. ಇವೆಲ್ಲ ಸುಳ್ಳಲ್ಲ. ಆದರೆ ನಿಜವಾದ ಕಾರಣ ನಾಚಿಕೆ. ಇಪ್ಪತ್ತು ವರ್ಷದ ಕೆಲಸದಲ್ಲಿ ನನ್ನ ಕೈಯಿಂದ ತಪ್ಪಾಗಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು, ಆದ ಒಂದು ತಪ್ಪು ಸ್ವಂತ ಅಕ್ಕನಿಗೇ ಆಯಿತು ಎಂದು ಯಾವ ಬಾಯಿಂದ ಹೇಳಲಿ? ಅವಳು ಡಬ್ಬಿಗಳ ಮೇಲೆ ಚೀಟಿ ಓದಿ ಓದಿ ಸಾಸಿವೆ ಹುಡುಕುವುದನ್ನು ನೋಡುತ್ತ ನಾನು ಊಟ ಮಾಡುತ್ತಿದ್ದೆ.

ಜೂನ್ ತಿಂಗಳಲ್ಲಿ ಕೊನೆಗೂ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗಾಜಿನಲ್ಲಿ ಎಷ್ಟು ಜನರದು ಹಿಡಿದಿದ್ದೀರಿ?" ಎಂದು ತೆಲುಗಿನಲ್ಲಿ ಕೇಳಿದರು.

"ಒಬ್ಬರದೇ ಸಾರ್. ನಮ್ಮ ಅಕ್ಕನದು."

ಬೈಯುತ್ತಾರೆಂದು ನಿಂತಿದ್ದೆ. ಬೈಯಲಿಲ್ಲ. ಯಾವ ಟ್ಯೂಬು ಎಂದು ಕೇಳದೆ ಹೋದದ್ದು ನನ್ನ ತಪ್ಪು ಅಂದರು. ಆಮೇಲೆ, ಮೊದಲು ಮಾಡಬೇಕಾದ ಸಾದಾ ರಕ್ತಪರೀಕ್ಷೆಗಳನ್ನೂ ನಾನು ಬರೆಯಲಿಲ್ಲ, ನಾಳೆಯೇ ಕರೆತನ್ನಿ ಅಂದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಸಂಜೆ ಅಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು ಕರಿಬೇವು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗಾಜು, ಪ್ಲಾಸ್ಟಿಕ್ಕು, ಆ ಮುದುಕರ ನೀರು, ಕಪಾಟು, ಅಪ್ಪನ ರದ್ದಿ ಹಾಳೆ. ಅವಳು ಕೇಳುತ್ತ ಕೇಳುತ್ತ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಹಂಗಾರ ನನಗ ಇಲ್ಲೇನು?" ಅಂದಳು.

"ಗೊತ್ತಿಲ್ಲ ಅಕ್ಕ. ಇದ್ದರೂ ಇರಬಹುದು. ಆ ಕಾಗದ ಮಾತ್ರ ಖರೇ ಅಲ್ಲ. ಇನ್ನೊಮ್ಮೆ ತಗೀಬೇಕು."

"ನಿನಗ ಯಾವಾಗ ಗೊತ್ತಾತು?"

"ಹೋದ ವಾರ," ಅಂದೆ.

ಅವಳು ತಲೆಯಾಡಿಸಿದಳು. "ನೀ ಯಾಕ ಅಳಾಕತ್ತೀದಿ, ಬೇಕಂತ ಮಾಡೀಯೇನು? ಅಪ್ಪ ಇದ್ದಿದ್ರೂ ಹಿಂಗ ಮಾಡು ಅಂತಿದ್ರು," ಅಂದಳು. ಆಮೇಲೆ ಕರಿಬೇವಿನ ತಟ್ಟೆ ನನ್ನ ಕೈಗೆ ಕೊಟ್ಟು, "ಸಾಲಿ ಸುರು ಆಗಿರಬೇಕಲ್ಲ ಈಗ," ಅಂದಳು.

ಎರಡನೆಯ ಸಲ ಅವಳ ನೀರನ್ನು ಕಪಾಟಿನ ಟ್ಯೂಬಿನಲ್ಲಿ ಹಿಡಿದೆ. ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದು ಪಕ್ಕದಲ್ಲಿ ಸಹಿ ಮಾಡಿದೆ. ಅಂದೇ ರಕ್ತವನ್ನೂ ತೆಗೆದರು. ಬೆನ್ನಿನ ನೀರು ಚೆನ್ನಾಗಿತ್ತು, ಎರಡೂ ಪ್ರೋಟೀನುಗಳು ಎಲ್ಲರಲ್ಲಿ ಇರುವಷ್ಟೇ ಇದ್ದವು. ಕೆಟ್ಟಿದ್ದು ರಕ್ತ. ಬಿ ಹನ್ನೆರಡು ಎಂಬ ವಿಟಮಿನ್ ತಳ ಕಂಡಿತ್ತು. ಮಾಂಸ ಮೊಟ್ಟೆ ತಿನ್ನದವರಿಗೆ ಅದು ಹಾಲು ಮೊಸರಿನಿಂದಲೇ ಬರಬೇಕು. ಅವಳು ಅದನ್ನು ಕಾಶಿಯಲ್ಲಿ ಬಿಟ್ಟು ಬಂದಿದ್ದಳು. ಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ಓಲಾಟ, ಮರೆವು, ಎಲ್ಲಕ್ಕೂ ಅದೇ ಕಾರಣ. ನಾನು ಕೂತು ಮಿದುಳಿನ ಪ್ರೋಟೀನು ಅಳೆಯುತ್ತಿದ್ದ ಕೋಣೆಯ ಪಕ್ಕದ ಕೋಣೆಯಲ್ಲಿ ಆ ರಕ್ತಪರೀಕ್ಷೆಯನ್ನು ದಿನಕ್ಕೆ ನಾಲ್ಕಾರು ಜನಕ್ಕೆ ಮಾಡುತ್ತಿದ್ದರು. ನಡುವೆ ಒಂದು ಗೋಡೆ.

ಇಂಜೆಕ್ಷನ್ ಶುರುವಾದವು. ಹಾಲು ಮಾತ್ರ ಕುಡಿಯಲಿಲ್ಲ, ಎಷ್ಟು ಹೇಳಿದರೂ ಕುಡಿಯಲಿಲ್ಲ, ಇಂಜೆಕ್ಷನ್ನೇ ಸಾಕು ಅಂದಳು. ಶ್ರಾವಣ ಕಳೆಯುವಷ್ಟರಲ್ಲಿ ಮುಖಕ್ಕೆ ಬಣ್ಣ ಬಂತು. ದಸರೆಯ ಹೊತ್ತಿಗೆ ಡಬ್ಬಿಗಳ ಚೀಟಿಗಳನ್ನು ನೀರು ಹಚ್ಚಿ ಉಜ್ಜಿ ತೆಗೆದಳು. ನಾನು ಆರು ತಿಂಗಳ ಹಿಂದೆ ಯಾವ ದಿನ ಯಾವ ಸೀರೆ ಉಟ್ಟು ಹೋಗಿದ್ದೆ ಎಂದು ಹೇಳಿ ನನ್ನನ್ನು ಕಾಡತೊಡಗಿದಳು. ಕಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ, ತಡವಾಗಿತ್ತು, ನರಗಳು ಅಷ್ಟಿಷ್ಟು ಕೆಟ್ಟಿದ್ದವು. ಕೋಲೊಂದನ್ನು ಹಿಡಿದು ನಡೆಯುವುದಾಯಿತು. ಅದು ತನಗೆ ಟೀಚರಿನ ಕಳೆ ಕೊಡುತ್ತದೆ ಎಂದು ನಕ್ಕಳು. ಒಂದು ದಿನ ಬೆಳಿಗ್ಗೆ ತಯಾರಾಗಿ ಕೂತು, ರಜಾ ಹಾಕು, ಸಾಲಿಗೆ ಹೋಗೋಣ ಅಂದಳು. ಈ ನಡುವೆ ಅವಳು ಎರಡು ಪತ್ರ ಬರೆದಿದ್ದಳು. ಉತ್ತರ ಬಂದಿರಲಿಲ್ಲ.

ಎರಡು ಬಸ್ಸು ಬದಲಿಸಿ ಹೋದೆವು. ಕೋಣೆ ಇತ್ತು. ಬೀಗವೂ ಅದೇ. ಕಿಟಕಿಯಿಂದ ನೋಡಿದರೆ ಒಳಗೆ ಮುರಿದ ಕುರ್ಚಿಗಳು, ಸಿಮೆಂಟಿನ ಚೀಲಗಳು. ಪಕ್ಕದಲ್ಲಿದ್ದ ಶಾಲೆಯ ಕಮಿಟಿಯ ಆಫೀಸಿನ ಗುಮಾಸ್ತರು ಬೀದರ ಕಡೆಯವರು, ಅಕ್ಕನನ್ನು ಕಂಡು ಎದ್ದು ನಿಂತರು.

"ಬರ್ರಿ ಮೇಡಂ, ಕೂಡ್ರಿ. ತಬ್ಯೇತ್ ಹ್ಯಾಂಗೈತಿರಿ ಈಗ?"

"ಚಲೋ ಐತ್ರಿ. ಕ್ಲಾಸು ಎಲ್ಲಿ ಹಾಕೀರಿ?"

ಗುಮಾಸ್ತರು ನನ್ನ ಮುಖ ನೋಡಿದರು. "ಬಂದ್ ಆತ್ರಿ ಮೇಡಂ. ನಿಮ್ಮ ಹಿಂದ ಬಂದ ಬಾಯಿಯವರು ಏಪ್ರಿಲ್ ಮುಗಿಸಿ ಬಿಟ್ಟುಬಿಟ್ರು. ಮೇ ತಿಂಗಳದಾಗ ಕಮಿಟಿಯವರು ಕೂಡಿದ್ರು. ಕಲಿಸಾಕ ಯಾರೂ ಇಲ್ಲ, ಬಂದ್ ಮಾಡೂಣು ಅಂದ್ರು. ಅವತ್ತ ನೀವಾರ ಬರ್ತೀರೇನೋ ಅಂತ ಒಬ್ರು ಅಂದ್ರು, ಅವರಿಗೆ ಅಂಥಾ ಬ್ಯಾನಿ ಬಂದೈತಿ, ಹ್ಯಾಂಗ ಬರ್ತಾರ ಅಂತ ನಾನ ಹೇಳಿದೆ. ತಪ್ಪಾತ್ರಿ."

ಮೇ ತಿಂಗಳು. ಆಗ ನನಗೆ ಗೊತ್ತಿತ್ತು. ಪ್ಲೇಟಿನ ಎರಡು ಗುಳಿಗಳನ್ನು ನೋಡಿ ತಿಂಗಳ ಮೇಲಾಗಿತ್ತು. ಆಗಲೇ ಹೇಳಿದ್ದರೆ, ಕೋಲೂರಿಕೊಂಡಾದರೂ ಅಕ್ಕ ಹೋಗಿ ಆ ಕಮಿಟಿಯ ಮುಂದೆ ನಿಲ್ಲುತ್ತಿದ್ದಳು.

"ಮಕ್ಕಳು?" ಎಂದು ಅಕ್ಕ ಕೇಳಿದಳು.

"ಗೊತ್ತಿಲ್ಲರಿ. ನಾಕೈದು ಮಂದಿ ತೆಲುಗು ಸಾಲಿಗೆ ನಾಕ ದಿನ ಹೋಗಿ ಬಿಟ್ಟುಬಿಟ್ರು ಅಂತ ಕೇಳೀನಿ. ಆ ಬಿಲ್ಡಿಂಗ್ ಮುಗೀತಲ್ಲರಿ, ಮುಗಿದ ಮ್ಯಾಲ ಕೂಲಿಯವರ ಶೆಡ್ಡು ಕಿತ್ತಿದ್ರು. ಎಲ್ಲಾರೂ ಹೋದ್ರು."

ಅಕ್ಕ ಅಲ್ಲೇ ಕುರ್ಚಿಯಲ್ಲಿ ಕೂತು ಮಕ್ಕಳ ಬಗ್ಗೆ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದಳು. ಸುರಪುರದ ಮೂವರು ಅಣ್ಣತಮ್ಮಂದಿರು, ಅವರಲ್ಲಿ ನಡುವಿನವನಿಗೆ ಕಿವಿ ಕೇಳುತ್ತಿರಲಿಲ್ಲ, ಅವನನ್ನು ಮುಂದೆ ಕೂಡಿಸಬೇಕಿತ್ತು. ಸೇಡಮಿನ ಹುಡುಗಿ, ಮಗ್ಗಿ ಹದಿನಾರರವರೆಗೆ ಬರುತ್ತಿತ್ತು. ಎಡಗೈಯಲ್ಲಿ ಬರೆಯುವವನು. ಬೆಂಚಿನ ಕೆಳಗೆ ಮಲಗಿದ್ದವಳು, ಅವಳ ತಂಗಿ, ತಂಗಿಯ ಫ್ರಾಕಿಗೆ ಗುಂಡಿ ಇರಲಿಲ್ಲ, ತಾನೇ ಪಿನ್ನು ಹಾಕುತ್ತಿದ್ದದ್ದು. ಹತ್ತೊಂಬತ್ತು ಹೆಸರೂ, ಅಪ್ಪಂದಿರ ಹೆಸರೂ, ಊರೂ. ಗುಮಾಸ್ತರು ಪ್ರತಿಯೊಂದಕ್ಕೂ ಗೊತ್ತಿಲ್ಲರಿ ಎನ್ನುತ್ತ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮಧ್ಯಾಹ್ನದ ಹೊತ್ತು, ಜನ ಇರಲಿಲ್ಲ. ಹೇಳಿಬಿಡಬೇಕು, ಹೋದ ವಾರ ಅಂದದ್ದು ಸುಳ್ಳು ಎಂದು ಈಗಲೇ ಹೇಳಬೇಕು ಎಂದು ನಾನು ಎರಡು ಸಲ ಬಾಯಿ ತೆರೆದೆ. ಬರಲಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು.

"ನಿಮ್ಮ ಮೊದಲಿನ ಕಾಗದ ಖರೇ ಇದ್ದಿದ್ರ ಚಲೋ ಇತ್ತು ನೋಡು," ಅಂದಳು. "ಒಂದೊಂದ ಮರೀತ ಹೋಗ್ತಿದ್ದೆ. ಈಗ ಹತ್ತೊಂಬತ್ತೂ ಮಂದಿ ನೆನಪದಾರ."

ಆ ಸುಳ್ಳನ್ನು ನಾನು ಒಪ್ಪಿಕೊಳ್ಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಅಕ್ಕನಿಗೆ ಈಗ ಎಂಬತ್ತರ ಹತ್ತಿರ. ಕಾಲು ನಡೆಯುವುದಿಲ್ಲ, ನೆನಪು ಚೆನ್ನಾಗಿದೆ. ಹೋದ ತಿಂಗಳು ಊಟ ಮಾಡುತ್ತಿರುವಾಗ, ಇದ್ದಕ್ಕಿದ್ದಂತೆ, ಅವಳು ತಟ್ಟೆ ನೋಡುತ್ತ ಹೇಳಿದಳು: "ಆ ಮುದುಕರಿಗೆ ಸೂಜಿ ಹಾಕಿದ್ದು ಯುಗಾದಿ ಹಿಂದ ಮುಂದ ಅಲ್ಲೇನು. ನೀ ಅವತ್ತ ಹೋಳಿಗಿ ಉಣ್ಣಲಿಲ್ಲ."